ಗುಲ್ಮಾರ್ಗ್‌ಗೆ ಟಿಕೆಟ್ ಬುಕ್ ಮಾಡೋ ಮುಂಚೆ ಆಕಾಶ ನೋಡಿ

2024ರ ಜನವರಿ ಎರಡನೇ ವಾರ. ನಾವು ಮೂವರು ಗುಲ್ಮಾರ್ಗ್‌ನ ಮೈದಾನದಲ್ಲಿ ನಿಂತಿದ್ದೆವು. ಕಾಲ ಕೆಳಗೆ ಹಿಮ ಇರಲಿಲ್ಲ. ಒಣಗಿದ ಕಂದು ಹುಲ್ಲು, ಅಲ್ಲಲ್ಲಿ ಕುದುರೆ ಲದ್ದಿ, ಬಾಡಿಗೆಗೆ ತಂದ ದಪ್ಪ ಜಾಕೆಟ್ಟಿನೊಳಗೆ ಬೆವರುತ್ತಿದ್ದ ನಾವು. ಸ್ಕೀ ಬಾಡಿಗೆಗೆ ಕೊಡುವ ಅಂಗಡಿಯವರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬಿಸಿಲು ಕಾಯಿಸುತ್ತಿದ್ದರು. 'ಏನ್ ಸಾರ್, ಪಿಕ್‌ನಿಕ್ಕಾ?' ಎನ್ನುವ ಹಾಗೆ ಒಬ್ಬರು ನಕ್ಕರು. ಆ ನಗುವಿನಲ್ಲಿ ನಮಗಿಂತ ಅವರ ಕಷ್ಟವೇ ಹೆಚ್ಚಿತ್ತು ಅಂತ ಆಮೇಲೆ ಅರ್ಥವಾಯ್ತು. ನಮ್ಮದು ನಾಲ್ಕು ದಿನದ ರಜೆ ಹೋಯ್ತು, ಅವರದ್ದು ಅರ್ಧ ಸೀಸನ್.

ತಪ್ಪು ಎಲ್ಲಾಯ್ತು? ಟ್ರಾವೆಲ್ ಏಜೆಂಟ್ 'ಜನವರಿ ಅಂದ್ರೆ ಗ್ಯಾರಂಟಿ ಸ್ನೋ' ಅಂದಿದ್ದ. ಅವನನ್ನು ಪೂರ್ತಿ ಬೈಯುವ ಹಾಗೂ ಇಲ್ಲ. ಕಾಶ್ಮೀರಿಗಳು 'ಚಿಲ್ಲೈ ಕಲಾನ್' ಅಂತ ಕರೆಯುವ 40 ದಿನಗಳ ಕಡುಚಳಿ ಡಿಸೆಂಬರ್ 21ಕ್ಕೆ ಶುರುವಾಗಿ ಜನವರಿ ಕೊನೆಯವರೆಗೂ ಇರುತ್ತದೆ. ಹಿಮ ಬೀಳಬೇಕಾದ ಕಾಲವೇ ಅದು. ನಾನೂ ಬುಕ್ ಮಾಡುವ ಮುಂಚೆ ಫೋನಿನಲ್ಲಿ ಹವಾಮಾನ ನೋಡಿದ್ದೆ. ರಾತ್ರಿ ಮೈನಸ್ ತೋರಿಸುತ್ತಿತ್ತು, ಪಕ್ಕದಲ್ಲಿ ಸೂರ್ಯನ ಚಿತ್ರ. 'ಮೈನಸ್ ಇದೆಯಲ್ಲಾ, ಅಂದ್ಮೇಲೆ ಹಿಮ ಇದ್ದೇ ಇರುತ್ತೆ' ಅಂದುಕೊಂಡೆ. ಸೂರ್ಯನ ಚಿತ್ರದ ಕಡೆ ಗಮನ ಕೊಡಲಿಲ್ಲ.

ಇಷ್ಟಕ್ಕೂ ಸುದ್ದಿ ಎಲ್ಲರ ಕಣ್ಣ ಮುಂದೆಯೇ ಇತ್ತು. ಆ ತಿಂಗಳ ಮೊದಲರ್ಧದಲ್ಲೇ ಒಮರ್ ಅಬ್ದುಲ್ಲಾ ಹಿಮವಿಲ್ಲದ ಗುಲ್ಮಾರ್ಗ್‌ನ ಫೋಟೊಗಳನ್ನು ಹಾಕಿದ್ದರು, ಪತ್ರಿಕೆಗಳಲ್ಲೂ ಬಂದಿತ್ತು. ನಾವು ಹಳೆಯ ರೀಲ್ಸ್ ನೋಡುತ್ತಾ ಕೂತಿದ್ದೆವು.

ಚಳಿ ಬೇರೆ, ಹಿಮ ಬೇರೆ

ನಮ್ಮ ಊರಿನಲ್ಲಿ ಹಿಮದ ಲೆಕ್ಕಾಚಾರ ಯಾರಿಗೂ ಬೇಕಿಲ್ಲ. ಆದರೆ ಮಳೆಯ ಲೆಕ್ಕ ಎಲ್ಲರಿಗೂ ಗೊತ್ತು. ಜೂನ್‌ನಲ್ಲಿ ಬರೀ ಸೆಕೆ ಇದ್ದರೆ ಮಳೆ ಬರೋಲ್ಲ, ಅರಬ್ಬಿ ಸಮುದ್ರದಿಂದ ತೇವ ಹೊತ್ತ ಗಾಳಿ ಬಂದು ಘಟ್ಟಕ್ಕೆ ಬಡಿಯಬೇಕು. ಹಿಮವೂ ಅಷ್ಟೇ. ಚಳಿ ಬೇಕು, ಅದರ ಜೊತೆ ತೇವವೂ ಬೇಕು. ಕಾಶ್ಮೀರಕ್ಕೆ ಆ ತೇವ ತರುವುದು ನಮ್ಮ ಮುಂಗಾರಲ್ಲ, 'ಪಶ್ಚಿಮದ ಕ್ಷೋಭೆ'. ಇಂಗ್ಲಿಷ್ ಸುದ್ದಿಗಳಲ್ಲಿ ವೆಸ್ಟರ್ನ್ ಡಿಸ್ಟರ್ಬೆನ್ಸ್ ಅಂತ ಕೇಳಿರುತ್ತೀರಿ. ಮೆಡಿಟರೇನಿಯನ್ ಸಮುದ್ರದ ಕಡೆ ಹುಟ್ಟಿ, ಎತ್ತರದಲ್ಲಿ ಬೀಸುವ ಪಶ್ಚಿಮ ಗಾಳಿಯ ಜೊತೆ ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಬಂದು ಹಿಮಾಲಯಕ್ಕೆ ತಾಗುವ ವ್ಯವಸ್ಥೆ ಇದು. ದಾರಿಯಲ್ಲಿ ಅರಬ್ಬಿ ಸಮುದ್ರದ ತೇವವನ್ನೂ ಎಳೆದುಕೊಂಡರೆ ಭರ್ಜರಿ ಹಿಮ. ಪೀರ್ ಪಂಜಾಲ್ ಶ್ರೇಣಿ ಅದಕ್ಕೆ ಎದುರಾಗಿ ನಿಂತಿದೆ, ನಮ್ಮಲ್ಲಿ ಆಗುಂಬೆ ಘಾಟಿ ನಿಂತ ಹಾಗೆ. ಆ ಶ್ರೇಣಿಯ ಮಡಿಲಲ್ಲೇ ಗುಲ್ಮಾರ್ಗ್ ಇರುವುದು.

2024ರ ಜನವರಿಯಲ್ಲಿ ಆಗಿದ್ದು ಇಷ್ಟೆ: ಶಕ್ತಿಯುತವಾದ ಕ್ಷೋಭೆಗಳು ಬರಲೇ ಇಲ್ಲ. ಚಳಿ ಇತ್ತು, ಆಕಾಶ ಶುಭ್ರವಾಗಿತ್ತು. ಮೋಡ ಇಲ್ಲದಿದ್ದರೆ ರಾತ್ರಿ ನೆಲದ ಶಾಖ ಎಲ್ಲಾ ಮೇಲಕ್ಕೆ ಹೋಗಿಬಿಡುತ್ತದೆ, ಅದಕ್ಕೇ ಅಷ್ಟೊಂದು ಮೈನಸ್. ಅಂದರೆ ನನ್ನ ಫೋನಿನ ಆ ಮೈನಸ್ ಸಂಖ್ಯೆ ಹಿಮ ಇದೆ ಅಂತಲ್ಲ, ಮೋಡವೇ ಇಲ್ಲ ಅಂತ ಹೇಳುತ್ತಿತ್ತು! ಒಳ್ಳೆ ಹಿಮ ಬೀಳುವ ರಾತ್ರಿಗಳಲ್ಲಿ ಉಷ್ಣಾಂಶ ಎಷ್ಟೋ ಸಲ ಅದಕ್ಕಿಂತ ಜಾಸ್ತಿಯೇ ಇರುತ್ತದೆ. ಕೊನೆಗೆ ಹಿಮ ಬಂದದ್ದು ಜನವರಿ ಕೊನೆಯ ವಾರದಲ್ಲಿ. ಅಷ್ಟೊತ್ತಿಗೆ ನಾವು ಬೆಂಗಳೂರಿನಲ್ಲಿ ಸ್ಟ್ಯಾಂಡ್‌ಅಪ್ ಮೀಟಿಂಗ್‌ನಲ್ಲಿದ್ದೆವು.

1 ಮಿಲಿಮೀಟರ್ ಅಂದ್ರೆ ಎಷ್ಟು ಹಿಮ?

ಹಾಗಾಗಿ ಮೊದಲು ನೋಡಬೇಕಾದ್ದು ಉಷ್ಣಾಂಶ ಅಲ್ಲ, ಎಷ್ಟು ನೀರು ಬೀಳುತ್ತೆ ಅನ್ನೋ ಅಂಕಿ. ಬಹಳಷ್ಟು ಆ್ಯಪ್‌ಗಳು ಹಿಮವನ್ನೂ ಮಳೆಯ ಹಾಗೆ ಮಿಲಿಮೀಟರ್‌ನಲ್ಲೇ ಕೊಡುತ್ತವೆ. ಅದು ಹಿಮ ಕರಗಿದರೆ ಎಷ್ಟು ನೀರಾಗುತ್ತದೆ ಎನ್ನುವ ಲೆಕ್ಕ. ಸಾಮಾನ್ಯ ಅಂದಾಜು ಹೀಗೆ: 1 ಮಿ.ಮೀ. ನೀರು ಅಂದರೆ ಸುಮಾರು 1 ಸೆಂ.ಮೀ. ಹಿಮ, ಅಂದರೆ ಹತ್ತು ಪಟ್ಟು.

ಬೆಂಗಳೂರಿನಲ್ಲಿ ಒಂದು ಸಂಜೆ 50 ಮಿ.ಮೀ. ಮಳೆ ಬಿದ್ದರೆ ಅಂಡರ್‌ಪಾಸ್‌ಗಳೆಲ್ಲ ಕೆರೆ ಆಗುತ್ತವಲ್ಲ, ಅದೇ 50 ಮಿ.ಮೀ. ಗುಲ್ಮಾರ್ಗ್‌ನಲ್ಲಿ ಹಿಮವಾಗಿ ಬಿದ್ದರೆ ಅರ್ಧ ಮೀಟರ್. ಮೊಣಕಾಲ ಮಟ್ಟ. ಆದರೆ ಈ ಹತ್ತು ಪಟ್ಟು ಅನ್ನೋದು ಕಲ್ಲಿನಲ್ಲಿ ಕೆತ್ತಿದ್ದಲ್ಲ. ಗಾಳಿ ತಣ್ಣಗಿದ್ದರೆ ಹಿಮ ಹತ್ತಿಯ ಹಾಗೆ ಹಗುರ, ಹದಿನೈದು ಪಟ್ಟು ಅಥವಾ ಇನ್ನೂ ಹೆಚ್ಚು ಎತ್ತರ ಬರಬಹುದು. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಬಿದ್ದರೆ ಒದ್ದೆ, ಭಾರ, ಐದಾರು ಪಟ್ಟೂ ದಾಟುವುದು ಕಷ್ಟ. ಸ್ಕೀ ಮಾಡುವವರು 'ಪೌಡರ್' ಅಂತ ಕನಸು ಕಾಣುವುದು ಮೊದಲನೆಯದಕ್ಕೆ. ಎರಡನೆಯದರಲ್ಲಿ ಸ್ಕೀ ಇಳಿಸಿದರೆ ಒದ್ದೆ ಸಿಮೆಂಟ್‌ನಲ್ಲಿ ಕಾಲು ಎಳೆದ ಅನುಭವ. ಹೊಸಬರ ಮೊಣಕಾಲು ತಿರುಚಿಕೊಳ್ಳೋಕೂ ಇದು ಒಳ್ಳೇ ಜಾಗ.

ನೀವು ಯಾವ ಎತ್ತರದ ಹವಾಮಾನ ನೋಡ್ತಿದ್ದೀರಿ?

ಇಲ್ಲಿಯೇ ಹೆಚ್ಚಿನವರು ಎಡವುವುದು. ಫೋನಿನಲ್ಲಿ ಗುಲ್ಮಾರ್ಗ್ ಅಂತ ಟೈಪ್ ಮಾಡಿದರೆ ಒಂದೇ ಒಂದು ಉಷ್ಣಾಂಶ ಬರುತ್ತದೆ. ಆದರೆ ಗುಲ್ಮಾರ್ಗ್ ಒಂದು ಎತ್ತರ ಅಲ್ಲ. ಶ್ರೀನಗರ ಸುಮಾರು 1,585 ಮೀಟರ್‌ನಲ್ಲಿದೆ. ಗುಲ್ಮಾರ್ಗ್‌ನ ಮೈದಾನ ಸುಮಾರು 2,650 ಮೀಟರ್. ಗೊಂಡೋಲಾದ ಮೊದಲ ಹಂತ ಕೊಂಗ್‌ಡೋರಿವರೆಗೆ ಕರೆದುಕೊಂಡು ಹೋಗುತ್ತದೆ, ಅದು 3,000 ಮೀಟರ್‌ಗೆ ಸ್ವಲ್ಪ ಮೇಲೆ. 2005ರಲ್ಲಿ ಶುರುವಾದ ಎರಡನೇ ಹಂತ ಅಫರ್ವಾಟ್ ಪರ್ವತದ ಹೆಗಲಿಗೆ, ಹತ್ತಿರ ಹತ್ತಿರ 3,950 ಮೀಟರ್‌ಗೆ ಏರುತ್ತದೆ. ಮೈದಾನಕ್ಕೂ ಆ ತುದಿಗೂ 1,300 ಮೀಟರ್ ವ್ಯತ್ಯಾಸ!

ಪ್ರತಿ ಸಾವಿರ ಮೀಟರ್ ಮೇಲಕ್ಕೆ ಹೋದರೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ ಅಂತ ಶಾಲೆಯಲ್ಲಿ ಓದಿದ್ದೆವಲ್ಲ, ಅದನ್ನು ಇಲ್ಲಿ ಉಪಯೋಗಿಸಿ. ಶ್ರೀನಗರದಲ್ಲಿ 5 ಡಿಗ್ರಿ, ಮಳೆ ಅಂದರೆ ಗುಲ್ಮಾರ್ಗ್ ಮೈದಾನದಲ್ಲಿ ಸುಮಾರು ಮೈನಸ್ 2, ಹಿಮ. ಗೊಂಡೋಲಾದ ತುದಿಯಲ್ಲಿ ಮೈನಸ್ 10. ಶ್ರೀನಗರದ ಮುನ್ಸೂಚನೆಯಲ್ಲಿ ಮಳೆಹನಿ ಚಿತ್ರ ನೋಡಿ 'ಅಯ್ಯೋ ಮಳೆಯಂತೆ, ಟ್ರಿಪ್ ಕ್ಯಾನ್ಸಲ್' ಅಂದವರನ್ನು ನಾನು ಬಲ್ಲೆ. ಅದು ಅವರ ಜೀವನದ ಬೆಸ್ಟ್ ಸ್ಕೀ ವಾರ ಆಗಬಹುದಿತ್ತು. (ಮೋಡವಿಲ್ಲದ ರಾತ್ರಿಗಳಲ್ಲಿ ಈ ಲೆಕ್ಕ ಉಲ್ಟಾ ಆಗಬಹುದು. ತಣ್ಣನೆ ಗಾಳಿ ಕಣಿವೆಯ ತಳದಲ್ಲಿ ಕೂತು, ಮೇಲೆಯೇ ಬೆಚ್ಚಗಿರುತ್ತದೆ. ಮೋಡ ಕವಿದ ದಿನಕ್ಕೆ ಮಾತ್ರ ಈ ಸೂತ್ರ ನಂಬಿ.)

ಇದಕ್ಕಿಂತ ನೇರವಾದ ಒಂದು ಅಂಕಿ ಇದೆ: ಫ್ರೀಜಿಂಗ್ ಲೆವೆಲ್. ಯಾವ ಎತ್ತರದಲ್ಲಿ ಉಷ್ಣಾಂಶ ಸೊನ್ನೆ ಆಗುತ್ತದೆ ಅನ್ನೋದು. ಸ್ನೋ-ಫೋರ್‌ಕಾಸ್ಟ್ ಎಂಬ ಜಾಲತಾಣ ಇದನ್ನು ಕೊಡುತ್ತದೆ. ಬೆಟ್ಟದ ಬುಡ, ನಡು, ತುದಿ ಮೂರಕ್ಕೂ ಬೇರೆ ಬೇರೆ ಮುನ್ಸೂಚನೆಯೂ ಅಲ್ಲಿದೆ. ಬೀಳುವ ಹಿಮ ಆ ಎತ್ತರಕ್ಕಿಂತ ಕೆಳಗೆ ಬಂದ ತಕ್ಷಣ ಕರಗುವುದಿಲ್ಲ, ಇನ್ನೂ ಇನ್ನೂರು ಮುನ್ನೂರು ಮೀಟರ್ ಹಿಮವಾಗಿಯೇ ಇಳಿಯುತ್ತದೆ. ಆದ್ದರಿಂದ ಫ್ರೀಜಿಂಗ್ ಲೆವೆಲ್ 2,400 ಮೀಟರ್ ಅಂದರೆ ಗುಲ್ಮಾರ್ಗ್‌ಗೆ ಹಿಮ ಖಾತ್ರಿ, ಕೆಳಗಿನ ತಂಗ್‌ಮಾರ್ಗ್‌ವರೆಗೂ ಬೆಳ್ಳಗಾಗಬಹುದು. 3,000 ಅಂದರೆ ಮೈದಾನದಲ್ಲಿ ಹಿಮವೋ ಮಳೆಯೋ ಅನುಮಾನ, ಮೇಲೆ ಮಾತ್ರ ಚೆನ್ನಾಗಿರುತ್ತದೆ. 3,300 ಅಂದರೆ ಮೈದಾನದಲ್ಲಿ ಮಳೆ. ಬಿದ್ದ ಹಿಮದ ಮೇಲೆ ಮಳೆ ಸುರಿದು ರಾತ್ರಿ ಹೆಪ್ಪುಗಟ್ಟಿದರೆ ಬೆಳಿಗ್ಗೆ ಸಿಗುವುದು ಗಾಜಿನ ನೆಲ. ಫೆಬ್ರುವರಿ ಕೊನೆ, ಮಾರ್ಚ್‌ನಲ್ಲಿ ಹೋಗುವವರಿಗೆ ಈ ಒಂದೇ ಅಂಕಿ ಬೇರೆಲ್ಲದಕ್ಕಿಂತ ಮುಖ್ಯ.

ಗಾಳಿಗೆ ಯಾರೂ ಮರ್ಯಾದೆ ಕೊಡಲ್ಲ

ಹಿಮ, ಉಷ್ಣಾಂಶ ಎಲ್ಲಾ ಸರಿ ಇದ್ದೂ ಟ್ರಿಪ್ ಹಾಳಾಗಬಹುದು, ಗಾಳಿಯಿಂದ. ಜೋರು ಗಾಳಿ ಇದ್ದರೆ ಗೊಂಡೋಲಾದ ಎರಡನೇ ಹಂತ ನಿಲ್ಲಿಸುತ್ತಾರೆ, ಅಷ್ಟೇ. ಕೆಳಗೆ ಬಿಸಿಲು, ಫೋಟೊಗೆ ಹೇಳಿ ಮಾಡಿಸಿದ ದಿನ, ಆದರೂ ಮೇಲೆ ಹೋಗುವ ಹಾಗಿಲ್ಲ ಅಂದರೆ ಜನ ಕೌಂಟರ್‌ನಲ್ಲಿ ಜಗಳಕ್ಕೆ ನಿಲ್ಲುತ್ತಾರೆ. ಅವರು ನೋಡಿರುವುದು ಮೈದಾನದ ಗಾಳಿ. ವಿಂಡಿ ಆ್ಯಪ್‌ನಲ್ಲಿ ಎತ್ತರ ಬದಲಿಸಿ ನೋಡುವ ಸೌಲಭ್ಯ ಇದೆ, 3,000 ಅಥವಾ 4,200 ಮೀಟರ್‌ಗೆ ಹಾಕಿ ನೋಡಿ. ಚಿತ್ರವೇ ಬದಲಾಗುತ್ತದೆ. ಮೈನಸ್ 10ರಲ್ಲಿ ಗಂಟೆಗೆ 40 ಕಿ.ಮೀ. ಗಾಳಿ ಬೀಸಿದರೆ ಚರ್ಮಕ್ಕೆ ಅದು ಮೈನಸ್ 21ರ ಹಾಗೆ ತಾಗುತ್ತದೆ. ಬೆಂಗಳೂರಿನ ಬೈಕ್ ಗ್ಲೌಸ್ ಅಲ್ಲಿ ಕೆಲಸಕ್ಕೆ ಬರೋಲ್ಲ.

ಗಾಳಿ ಇನ್ನೊಂದು ಕೆಲಸವನ್ನೂ ಮಾಡುತ್ತದೆ, ಅದು ಗಂಭೀರ. ಬಿದ್ದ ಹಿಮವನ್ನು ಒಂದು ಪಕ್ಕದಿಂದ ಗುಡಿಸಿ ಇನ್ನೊಂದು ಪಕ್ಕದಲ್ಲಿ ಗುಡ್ಡೆ ಹಾಕುತ್ತದೆ. ಮುನ್ಸೂಚನೆ 30 ಸೆಂ.ಮೀ. ಅಂತ ಹೇಳಿದ್ದರೂ ಒಂದು ಇಳಿಜಾರಿನಲ್ಲಿ ಕಲ್ಲು ಕಾಣುತ್ತಿರುತ್ತದೆ, ಏಣಿನ ಆಚೆ ಪಕ್ಕದಲ್ಲಿ ಒಂದು ಮೀಟರ್ ಶೇಖರವಾಗಿರುತ್ತದೆ. ಆ ಒಂದು ಮೀಟರ್ ನೋಡಲು ತುಂಬಾ ಚೆಂದ. ಇಲ್ಲಿಗೆ ಮತ್ತೆ ಬರ್ತೀನಿ.

ಎಷ್ಟು ದಿನ ಮುಂಚೆ ನಂಬಬಹುದು?

ಎರಡು ವಾರ ಮುಂದಿನ ಹಿಮದ ಅಂಕಿಯನ್ನು ತೋರಿಸುವ ಆ್ಯಪ್‌ಗಳಿವೆ. ನೋಡಿ ಖುಷಿಪಡಿ, ದುಡ್ಡು ಹಾಕಬೇಡಿ. ನನ್ನ ಅನುಭವದಲ್ಲಿ ಏಳೆಂಟು ದಿನ ಮುಂಚೆ 'ಏನೋ ಒಂದು ಬರ್ತಿದೆ' ಅಂತ ಗೊತ್ತಾಗುತ್ತದೆ. ನಾಲ್ಕೈದು ದಿನ ಮುಂಚೆ ಯಾವ ದಿನ ಅನ್ನೋದು ಸ್ಪಷ್ಟವಾಗುತ್ತದೆ. ಎಷ್ಟು ಸೆಂ.ಮೀ. ಅನ್ನೋದನ್ನು ಎರಡು ದಿನ ಮುಂಚೆ ಮಾತ್ರ ಕೇಳಿ, ಅದೂ ಒಂದು ಅಂದಾಜಿಗೆ.

ಕಾರಣ ಇದೆ. ಅಮೆರಿಕದ ಜಿಎಫ್‌ಎಸ್ ಮತ್ತು ಯುರೋಪಿನ ಇಸಿಎಂಡಬ್ಲ್ಯುಎಫ್ ಎಂಬ ಎರಡು ದೊಡ್ಡ ಗಣಕ ಮಾದರಿಗಳ ಮೇಲೆಯೇ ಬಹುತೇಕ ಆ್ಯಪ್‌ಗಳು ನಿಂತಿವೆ. ಇವು ಭೂಮಿಯನ್ನು ಚೌಕಗಳಾಗಿ ಕತ್ತರಿಸಿ ಲೆಕ್ಕ ಹಾಕುತ್ತವೆ. ಮೊದಲನೆಯದಕ್ಕೆ ಒಂದು ಚೌಕ ಸುಮಾರು 13 ಕಿ.ಮೀ., ಎರಡನೆಯದಕ್ಕೆ ಸುಮಾರು 9 ಕಿ.ಮೀ. ಗುಲ್ಮಾರ್ಗ್, ಕೊಂಗ್‌ಡೋರಿ, ಅಫರ್ವಾಟ್ ಎಲ್ಲಾ ಒಂದೇ ಚೌಕದಲ್ಲಿ ಬಿದ್ದುಹೋಗಬಹುದು. ಚೂಪು ಶಿಖರ ಆ ಲೆಕ್ಕದಲ್ಲಿ ಸವೆದ ದಿಬ್ಬ. ಹಾಗಾಗಿ ಬೆಟ್ಟಕ್ಕೆ ಬಡಿದು ಸುರಿಯುವ ಹಿಮವನ್ನು ಎಷ್ಟೋ ಸಲ ಕಡಿಮೆ ತೋರಿಸುತ್ತವೆ. ಒಂದು ಆ್ಯಪ್‌ನ ಉತ್ತರ ನೋಡಿ ಸುಮ್ಮನಾಗುವ ಬದಲು ವಿಂಡಿಯಲ್ಲಿ ಎರಡೂ ಮಾದರಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದು 60 ಮಿ.ಮೀ., ಇನ್ನೊಂದು 8 ಮಿ.ಮೀ. ಅಂದರೆ ಯಾರಿಗೂ ಗೊತ್ತಿಲ್ಲ ಅಂತ ಅರ್ಥ. ಸರಾಸರಿ 34 ಅಂತ ತಿಳಿಯಬೇಡಿ! ಎರಡೂ ಮೂರು ದಿನ ಸತತವಾಗಿ ಒಂದೇ ಮಾತು ಹೇಳಿದರೆ ಆಗ ಲೀವ್ ಅಪ್ಲೈ ಮಾಡಿ.

ಇದರ ಜೊತೆ ನಮ್ಮ ಹವಾಮಾನ ಇಲಾಖೆಯ ಶ್ರೀನಗರ ಕೇಂದ್ರದ ಪ್ರಕಟಣೆ ಓದಿ. ಅಲ್ಲಿ ಆಕರ್ಷಕ ಗ್ರಾಫಿಕ್ಸ್ ಇಲ್ಲ, ಆದರೆ ಆ ಬೆಟ್ಟಗಳನ್ನು ವರ್ಷಗಳಿಂದ ನೋಡಿದವರು ಬರೆದದ್ದು. ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳು ನಮ್ಮ ಕರಾವಳಿಗೆ ಮಳೆಗಾಲದಲ್ಲಿ ಬರುವಂಥವೇ. ಇಲಾಖೆಯ ಇನ್ಸಾಟ್ ಉಪಗ್ರಹ ಚಿತ್ರದಲ್ಲಿ ಇರಾನ್, ಅಫ್ಘಾನಿಸ್ತಾನದ ಮೇಲೆ ದೊಡ್ಡ ಬಿಳಿ ಬಾಲ ಕಂಡರೆ ಒಂದೆರಡು ದಿನದಲ್ಲಿ ಅದು ಕಾಶ್ಮೀರದ ಬಾಗಿಲಲ್ಲಿರುತ್ತದೆ.

ಮುನ್ಸೂಚನೆ ಹೇಳದ ಒಂದು ವಿಷಯವೂ ಇದೆ: ಈಗಾಗಲೇ ನೆಲದ ಮೇಲೆ ಎಷ್ಟಿದೆ? ನಾಳೆ 20 ಸೆಂ.ಮೀ. ಬೀಳುತ್ತೆ ಅನ್ನೋದು ಕೆಳಗೆ ಒಂದು ಮೀಟರ್ ಹಾಸು ಇದ್ದಾಗ ಹಬ್ಬ, ಬರೀ ಕಲ್ಲಿದ್ದಾಗ ಬಲೆ. ಕೆಳಗಿನ ಮೈದಾನ ಹುಲ್ಲುಗಾವಲು, ಅಲ್ಲಿ ಕಲಿಯುವವರಿಗೆ ಒಂದಡಿ ಹಿಮ ಸಾಕು. ಮೇಲಿನ ಹಂತ ಬಂಡೆಗಳ ಜಾಗ. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಕೋಪರ್ನಿಕಸ್ ಬ್ರೌಸರ್‌ನಲ್ಲಿ ಉಚಿತವಾಗಿ ಸಿಗುತ್ತವೆ, ಮೋಡ ಇಲ್ಲದ ದಿನದ್ದು ನೋಡಿದರೆ ಹಿಮದ ಗೆರೆ ಎಲ್ಲಿದೆ ಅಂತ ಕಾಣುತ್ತದೆ. ಅಥವಾ ಹೋಟೆಲ್‌ನವರಿಗೆ 'ಈವತ್ತಿನ ವಿಡಿಯೊ ಕಳಿಸಿ, ಈವತ್ತಿನ ಪೇಪರ್ ಕೈಯಲ್ಲಿ ಹಿಡ್ಕೊಂಡು' ಅಂತ ಕೇಳಿ. ನಾನು ಕೇಳಿದ್ದೆ. ಅವರು ನಕ್ಕರು, ಕಳಿಸಿದರು.

2025, ಎರಡನೇ ಸಲ

ಹೋದ ಸಲದ ಪಾಠ ಕಲಿತು 2025ರಲ್ಲಿ ತಾರೀಕು ಮೊದಲು ಗೊತ್ತು ಮಾಡಲಿಲ್ಲ. ಆ ವರ್ಷವೂ ಹಿಮ ಕಮ್ಮಿ. ಗುಲ್ಮಾರ್ಗ್‌ನಲ್ಲಿ ಫೆಬ್ರುವರಿಯಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನೇ ಹಿಮ ಸಾಲದೆಂದು ಮುಂದೂಡಿದರು. ನಾವು ಮೂವರು ಸ್ಕ್ರೀನ್‌ಶಾಟ್ ಹಂಚಿಕೊಳ್ಳುತ್ತಾ ಕಾದೆವು. ಫೆಬ್ರುವರಿ 20ರ ಹೊತ್ತಿಗೆ ಎರಡೂ ಮಾದರಿಗಳು ತಿಂಗಳ ಕೊನೆಗೆ ದೊಡ್ಡ ಕ್ಷೋಭೆ ಅಂತ ಹೇಳತೊಡಗಿದವು. ವಿಮಾನದ ಟಿಕೆಟ್ ದುಬಾರಿ ಬಿತ್ತು, ನಿಜ. ಜನವರಿಯಲ್ಲಿ ಹುಲ್ಲು ನೋಡಲು ಕೊಟ್ಟದ್ದಕ್ಕಿಂತ ಕಮ್ಮಿಯೇ.

ತಿಂಗಳ ಕೊನೆಯಲ್ಲಿ ಹಿಮ ಸುರಿಯಿತು. ನಾವು ಬಿರುಗಾಳಿಯ ನಡುವೆ ಇಳಿಯಲಿಲ್ಲ, ಮುಗಿಯುವ ಹೊತ್ತಿಗೆ ಇಳಿದೆವು. ಇದು ಬೇಕೆಂದೇ ಮಾಡಿದ್ದು: ಹಿಮ ಬೀಳುವಾಗ ಶ್ರೀನಗರದ ವಿಮಾನಗಳು ರದ್ದಾಗುತ್ತವೆ, ತಂಗ್‌ಮಾರ್ಗ್‌ನಿಂದ ಮೇಲಿನ 13 ಕಿ.ಮೀ. ರಸ್ತೆಯಲ್ಲಿ ಚಕ್ರಕ್ಕೆ ಸರಪಳಿ ಇಲ್ಲದೆ ಬಿಡುವುದಿಲ್ಲ.

ಮೊದಲೆರಡು ದಿನ ಮೈದಾನದಲ್ಲಿ ಬೀಳುತ್ತಾ ಏಳುತ್ತಾ ಕಲಿತೆವು. ಮೂರನೇ ದಿನ ಆಕಾಶ ನೀಲಿ. ನಮ್ಮಲ್ಲೊಬ್ಬ ಔಲಿಯಲ್ಲಿ ಎರಡು ಸಲ ಕೋರ್ಸ್ ಮಾಡಿದವನು, ಚೆನ್ನಾಗಿ ಸ್ಕೀ ಮಾಡುತ್ತಾನೆ. ಅವನಿಗೆ ಗೊಂಡೋಲಾದ ತುದಿಯಿಂದ ಆಚೆ, ಯಾರೂ ಇಳಿಯದ ಪಕ್ಕಕ್ಕೆ ಹೋಗಬೇಕು. ಆ್ಯಪ್ ತೋರಿಸಿದ: ಬಿಸಿಲು, ಗಾಳಿ ಕಮ್ಮಿ, ಹೊಸ ಹಿಮ. 'ಇದಕ್ಕಿಂತ ಪರ್ಫೆಕ್ಟ್ ದಿನ ಇನ್ನೆಲ್ಲಿ?'

ನಮ್ಮ ಗೈಡ್ ಆಗಲ್ಲ ಅಂದರು. ಇನ್ನೊಂದಿಷ್ಟು ದುಡ್ಡು ಕೊಡ್ತೀನಿ ಅಂದರೂ ಆಗಲ್ಲ. ಅವರು ಕಾರಣ ಹೇಳಿದ ರೀತಿ ನನಗೆ ಈಗಲೂ ನೆನಪಿದೆ. ಈವತ್ತಿನ ಹವಾಮಾನ ಈವತ್ತಿಗಲ್ಲ, ಕಳೆದ ಎರಡು ತಿಂಗಳದ್ದೂ ಅದರ ಕೆಳಗೆ ಮಲಗಿದೆ ಅಂದರು.

ಅದರ ಅರ್ಥ ಹೀಗೆ. ತೆಳುವಾದ ಹಿಮ ಬಿದ್ದು, ಆಮೇಲೆ ವಾರಗಟ್ಟಲೆ ಶುಭ್ರ ಆಕಾಶ, ಕಡುಚಳಿ ಇದ್ದರೆ ಆ ಹಿಮದ ಕಣಗಳು ನಿಧಾನವಾಗಿ ರೂಪ ಬದಲಿಸುತ್ತವೆ. ನೆಲದ ಪಕ್ಕ ಸೊನ್ನೆಯ ಹತ್ತಿರ, ಮೇಲ್ಮೈಯಲ್ಲಿ ಮೈನಸ್ ಹದಿನೈದು. ಈ ವ್ಯತ್ಯಾಸದಿಂದ ಆವಿ ಮೇಲಕ್ಕೆ ಹರಿದು ದೊಡ್ಡ ದೊಡ್ಡ ಹರಳುಗಳಾಗುತ್ತವೆ. ಕೈಯಲ್ಲಿ ಹಿಡಿದರೆ ಉಂಡೆ ಕಟ್ಟೋಕೆ ಬರಲ್ಲ, ರವೆ ತರಹ ಉದುರುತ್ತದೆ. ಈಗ ಆ ರವೆಯ ಮೇಲೆ ಒಂದೇ ಬಿರುಗಾಳಿಯಲ್ಲಿ ಒಂದು ಮೀಟರ್ ಭಾರದ ಹಿಮ ಕೂತಿದೆ ಅಂದುಕೊಳ್ಳಿ. ಅದರ ಮೇಲೆ ಗಾಳಿ ಇನ್ನಷ್ಟು ತಂದು ಪೇರಿಸಿದೆ. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಒಬ್ಬ ಸ್ಕೀ ಮಾಡುವವನ ತೂಕ ಸಾಕು, ಇಡೀ ಚಪ್ಪಡಿ ಜಾರಲು. ಬಿರುಗಾಳಿ ನಿಂತ ಮೊದಲ ಒಂದೆರಡು ದಿನ ಅಪಾಯ ಅತಿ ಹೆಚ್ಚು, ಕೆಳಗೆ ರವೆ ಪದರ ಇದ್ದರೆ ಅದು ಇನ್ನೂ ಎಷ್ಟೋ ದಿನ ಉಳಿಯುತ್ತದೆ. ಆ್ಯಪ್ ಸೂರ್ಯನ ಚಿತ್ರ ತೋರಿಸುವುದೂ ಆ ದಿನಗಳಲ್ಲೇ.

ಅಫರ್ವಾಟ್ ಇಳಿಜಾರುಗಳಲ್ಲಿ 2023ರ ಫೆಬ್ರುವರಿ 1ರಂದು ಹಿಮಕುಸಿತಕ್ಕೆ ಪೋಲೆಂಡ್‌ನ ಇಬ್ಬರು ಸ್ಕೀಯರ್‌ಗಳು ಸತ್ತರು. 2024ರ ಫೆಬ್ರುವರಿ 22ರಂದು ರಷ್ಯಾದ ಒಬ್ಬರು. ನಾವು ಹುಲ್ಲು ನೋಡಿ ವಾಪಸ್ ಬಂದ ಅದೇ ಒಣ ಜನವರಿಯ ನಂತರದ ತಿಂಗಳು ಅದು. 2025ರಲ್ಲಿ ನಾವು ಹೋದ ಆಸುಪಾಸಿನಲ್ಲೇ, ಫೆಬ್ರುವರಿ 28ರಂದು ಉತ್ತರಾಖಂಡದ ಮಾನಾ ಬಳಿ ರಸ್ತೆ ಕಾರ್ಮಿಕರ ಶಿಬಿರದ ಮೇಲೆ ಹಿಮ ಕುಸಿದು ಎಂಟು ಜನ ಪ್ರಾಣ ಬಿಟ್ಟರು.

ಹಿಮಕುಸಿತದ ಮುನ್ಸೂಚನೆ ಹವಾಮಾನದ ಆ್ಯಪ್‌ನಲ್ಲಿ ಇರುವುದಿಲ್ಲ. ಅದನ್ನು ಕೊಡುವುದು ಡಿಆರ್‌ಡಿಓ ಕೆಳಗಿನ ಡಿಜಿಆರ್‌ಇ ಎಂಬ ಸಂಸ್ಥೆ, ಮೊದಲು ಸಾಸೆ ಅಂತ ಹೆಸರಿತ್ತು. ಜಿಲ್ಲಾವಾರು ಅಪಾಯದ ಮಟ್ಟ ಸುದ್ದಿಗಳಲ್ಲೂ ಬರುತ್ತದೆ. ಗುಲ್ಮಾರ್ಗ್ ಇರುವುದು ಬಾರಾಮುಲ್ಲಾ ಜಿಲ್ಲೆಯಲ್ಲಿ, ಆ ಹೆಸರು ಹುಡುಕಿ. ಗೊಂಡೋಲಾದ ಸುತ್ತಲಿನ ನಿಗದಿತ ಪ್ರದೇಶವನ್ನು ಸ್ಕೀ ಗಸ್ತಿನವರು ನೋಡಿಕೊಳ್ಳುತ್ತಾರೆ. ಹಗ್ಗದ ಆಚೆ ನಿಮಗೆ ನೀವೇ.

ಗೆಳೆಯ ಅರ್ಧ ದಿನ ಮಾತಾಡಲಿಲ್ಲ. ನಿಗದಿತ ದಾರಿಯಲ್ಲೇ ಮೂರು ಸಲ ಇಳಿದ, ಸಂಜೆ ಕಹ್ವಾ ಕುಡಿಯುವಾಗ ಸ್ವಲ್ಪ ಸರಿಹೋದ. ಆಚೆಯ ಇಳಿಜಾರಿನಲ್ಲಿ ಆ ದಿನ ಏನೂ ಜಾರಲಿಲ್ಲ. 'ನೋಡಿದ್ರಾ, ಏನೂ ಆಗ್ಲಿಲ್ಲ' ಅಂದ. ಗೈಡ್ ಹೌದು ಅಂತ ತಲೆಯಾಡಿಸಿ ಕಹ್ವಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡರು.

ಕೊನೆಯ ದಿನ ಹೊತ್ತು ಏರಿದ ಹಾಗೆ ಹಿಮ ಮೆತ್ತಗಾಯ್ತು. ಗುಲ್ಮಾರ್ಗ್ ಇರುವುದು 34 ಡಿಗ್ರಿ ಅಕ್ಷಾಂಶದಲ್ಲಿ, ಆಲ್ಪ್ಸ್ 46ರ ಆಸುಪಾಸಿನಲ್ಲಿ, ಹಾಗಾಗಿ ಮಾರ್ಚ್ ಬಿಸಿಲು ಇಲ್ಲಿ ಬೇಗ ಕೆಲಸ ಮಾಡುತ್ತದೆ. ಮಾರ್ಚ್‌ನಲ್ಲಿ ಹೋಗುವವರು ಬೆಳಿಗ್ಗೆ ಮುಗಿಸಿಬಿಡಿ. ರಾತ್ರಿ ಹೆಪ್ಪುಗಟ್ಟಿದ ಮೇಲ್ಪದರ ಹತ್ತು ಗಂಟೆಗೆ ಹದವಾಗಿ ಸಡಿಲವಾಗಿರುತ್ತದೆ, ಒಂದು ಗಂಟೆಗೆಲ್ಲಾ ಗಂಜಿ. ರಾತ್ರಿ ಸೊನ್ನೆಗಿಂತ ಕೆಳಗೆ ಇಳಿಯದಿದ್ದರೆ ಬೆಳಿಗ್ಗೆಯೇ ಗಂಜಿ.

ಅದೇ ಗೆಳೆಯ ಈಗ ಡಿಸೆಂಬರ್ ಬಂದರೆ ನಮ್ಮ ವಾಟ್ಸ್ಆ್ಯಪ್ ಗ್ರೂಪಿಗೆ ದಿನಾ ಬೆಳಿಗ್ಗೆ ಉಪಗ್ರಹದ ಚಿತ್ರ ಹಾಕುತ್ತಾನೆ. 'ಗುಡ್ ಮಾರ್ನಿಂಗ್' ಅಂತ ಹೂವಿನ ಫೋಟೊ ಕಳಿಸುವ ಮಾವಂದಿರ ಹಾಗೆ. ಕೆಳಗೆ ಒಂದೇ ಸಾಲು: 'ಇರಾನ್ ಕ್ಲಿಯರ್. ಲೀವ್ ಹಾಕ್ಬೇಡಿ.'